ನಿಮ್ಮೂರಿನ ಪಿನ್ ಕೋಡ್ ಬಿಡಿಸಿ ನೋಡಿ: ದೊಡ್ಡ ಸಂಖ್ಯೆಯ ಗುಣಗಳನ್ನು ಹುಡುಕುವ ವಿಧಾನ

‘ಒಂದು ದೊಡ್ಡ ಸಂಖ್ಯೆ ಕೊಟ್ಟು ಇದರ ಗುಣಗಳನ್ನೆಲ್ಲ ಬರೆಯಿರಿ ಅಂದರೆ ಎಲ್ಲಿಂದ ಶುರು ಮಾಡಬೇಕು?’ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹತ್ತನೇ ತರಗತಿಯ ಮಕ್ಕಳು ಕೇಳುತ್ತಾರೆ, ಅವರಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮ ಕೇಳುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುತ್ತಾರೆ. ಅವಿಭಾಜ್ಯ ಹೌದೋ ಅಲ್ಲವೋ, ಪೂರ್ಣ ವರ್ಗವೋ, ಎಷ್ಟು ಅಪವರ್ತನಗಳಿವೆ, ಎರಡು ವರ್ಗಗಳ ಮೊತ್ತ ಆಗುತ್ತದೆಯೋ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಸೂತ್ರ ಬಾಯಿಪಾಠ ಮಾಡಲು ಹೋಗುತ್ತಾರೆ. ಅಷ್ಟೆಲ್ಲ ಬೇಡ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಬಿಡಿಸುವ ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ. ಉಳಿದ ಉತ್ತರಗಳು ಅದರಿಂದಲೇ ಬರುತ್ತವೆ.

ಅಭ್ಯಾಸಕ್ಕೆ ಶಿವಮೊಗ್ಗದ ಪಿನ್ ಕೋಡ್ 577201 ತೆಗೆದುಕೊಳ್ಳೋಣ. ಪಿನ್ ಕೋಡ್ ಪದ್ಧತಿ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಮೊದಲ ಮೂರು ಅಂಕಿ ಅಂಚೆ ವಿಂಗಡಣೆಯ ಪ್ರದೇಶವನ್ನು ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿಯನ್ನು. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ, ಚಿಕ್ಕಮಗಳೂರು, ಎಲ್ಲದಕ್ಕೂ ಶುರುವಿನಲ್ಲಿ 577 ಇದೆ. ಈ ಲೇಖನದಲ್ಲಿ ಅಂಚೆಯ ವಿಷಯ ಇಷ್ಟೇ. ಮುಂದೆ 577201 ಎಂದರೆ ಐದು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರ ಒಂದು ಎಂಬ ಪೂರ್ಣ ಸಂಖ್ಯೆ. ಅದೃಷ್ಟದ ಸಂಖ್ಯೆ, ಶುಭ ಸಂಖ್ಯೆ ಎನ್ನುವುದನ್ನು ಇದರ ಜೊತೆ ಸೇರಿಸಬೇಡಿ. ಇಲ್ಲಿ ಹೇಳುವುದನ್ನೆಲ್ಲ ನೀವೇ ಹಾಳೆಯ ಮೇಲೆ ಪರೀಕ್ಷಿಸಿ ನೋಡಬಹುದು. ನನಗೆ ಗಣಿತ ಇಷ್ಟವಾಗುವುದೇ ಅದಕ್ಕೆ.

ಏನೇನು ಬೇಕು

ಹಾಳೆ, ಪೆನ್ಸಿಲ್, ಮತ್ತು 100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ. 20ರ ತನಕ ಮಗ್ಗಿ ಬಾಯಿಗೆ ಬರುತ್ತಿದ್ದರೆ ಕೆಲಸ ಬೇಗ ಆಗುತ್ತದೆ. ಕ್ಯಾಲ್ಕುಲೇಟರನ್ನು ಕೊನೆಯಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ.

ನಾಲ್ಕು ಪದಗಳು ತಿಳಿದಿರಲಿ. ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ ಅದರ ಅಪವರ್ತನ. 1 ಮತ್ತು ತಾನು, ಈ ಎರಡೇ ಅಪವರ್ತನ ಇರುವ ಸಂಖ್ಯೆ ಅವಿಭಾಜ್ಯ. 1 ಅವಿಭಾಜ್ಯ ಅಲ್ಲ, ಅದಕ್ಕೆ ಇರುವುದು ಒಂದೇ ಅಪವರ್ತನ. ಒಂದು ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದು ಪೂರ್ಣ ವರ್ಗ. ಒಂದು ಅವಿಭಾಜ್ಯ ಎಷ್ಟು ಸಲ ಬಂದಿದೆ ಎನ್ನುವುದು ಅದರ ಘಾತ. 2×2×2 ಎಂದರೆ 2ರ ಘಾತ 3.

1. ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳಿ

ನಾವು ಅಲ್ಪವಿರಾಮ ಹಾಕುವುದು 5,77,201 ಎಂದು. ಈ ಕೆಲಸಕ್ಕೆ ಅದು ಆಗುವುದಿಲ್ಲ. ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ: 577 | 201. ಹನ್ನೊಂದು ಅಂಕಿಯ ಸಂಖ್ಯೆಯಾದರೆ 12 | 345 | 654 | 321 ಹೀಗೆ. ಎಡಗಡೆಯಿಂದ ಎಣಿಸಿ ಗುಂಪು ಮಾಡಿದರೆ ಮೂರನೇ ಹಂತದಲ್ಲಿ ಉತ್ತರ ಪೂರ್ತಿ ತಪ್ಪುತ್ತದೆ.

2. 2, 3, 5 ನೋಡಿ ಮುಗಿಸಿ

ಕೊನೆಯ ಅಂಕಿ 1. ಆದ್ದರಿಂದ 2 ಇಲ್ಲ, 5 ಇಲ್ಲ. ಅಂಕಿಗಳ ಮೊತ್ತ 5+7+7+2+0+1 = 22. ಅದು 3ರಿಂದ ಭಾಗವಾಗುವುದಿಲ್ಲ, ಹಾಗಾಗಿ 3 ಇಲ್ಲ. 3 ಇಲ್ಲದಿದ್ದರೆ 9 ಕೂಡ ಇಲ್ಲ. 22 ಅನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

3. 7, 11, 13 ಮೂರನ್ನೂ ಒಂದೇ ಏಟಿಗೆ

7×11×13 = 1001. ಇದು ಗೊತ್ತಿದ್ದರೆ ಸಾಕು. 1000 ಅನ್ನು 1001ರಿಂದ ಭಾಗಿಸುವಾಗ 1000 ಎಂದರೂ ಒಂದೇ, −1 ಎಂದರೂ ಒಂದೇ. ಆದ್ದರಿಂದ ಮೂರಂಕಿಯ ಗುಂಪುಗಳನ್ನು ಬಲದಿಂದ ಶುರು ಮಾಡಿ ಒಂದನ್ನು ಕೂಡಿಸಿ, ಮುಂದಿನದನ್ನು ಕಳೆಯುತ್ತ ಹೋದರೆ ಸಾಕು.

201 − 577 = −376. ಚಿಹ್ನೆ ಬಿಟ್ಟು 376 ನೋಡಿ. 7ರಿಂದ ಭಾಗಿಸಿದರೆ 5 ಉಳಿಯುತ್ತದೆ, 11ರಿಂದ 2, 13ರಿಂದ 12. ಮೂರೂ ಇಲ್ಲ.

ಇಲ್ಲಿ ಜಾಸ್ತಿ ಜನ ಎಡವುವುದು ಉತ್ತರ 0 ಬಂದಾಗ. ‘ಸೊನ್ನೆ ಬಂತು, ಏನೂ ಸಿಗಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಿಜ ಇದರ ಉಲ್ಟಾ. 12345654321 ತೆಗೆದುಕೊಂಡರೆ 321 − 654 + 345 − 12 = 0. ಅಂದರೆ 7, 11, 13 ಮೂರರಿಂದಲೂ ಅದು ಭಾಗವಾಗುತ್ತದೆ. ಈ ಸಂಖ್ಯೆಯ ಹತ್ತಿರ ಕೊನೆಯಲ್ಲಿ ಮತ್ತೆ ಬರೋಣ.

4. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ

760×760 = 577600, 759×759 = 576081. ನಮ್ಮ ಸಂಖ್ಯೆ ಇವೆರಡರ ಮಧ್ಯೆ ಇದೆ. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, 577201 ಪೂರ್ಣ ವರ್ಗ ಅಲ್ಲ. ಇನ್ನೊಂದು, 759ರ ತನಕ ಯಾವ ಅವಿಭಾಜ್ಯವೂ ಭಾಗಿಸದಿದ್ದರೆ ಸಂಖ್ಯೆಯೇ ಅವಿಭಾಜ್ಯ. ಯಾಕೆಂದರೆ ಎರಡು ಅಪವರ್ತನಗಳೂ 759ಕ್ಕಿಂತ ದೊಡ್ಡವಾದರೆ ಅವುಗಳ ಗುಣಲಬ್ಧ ಕಡಿಮೆ ಎಂದರೂ 577600 ಆಗುತ್ತದೆ, ನಮ್ಮ ಸಂಖ್ಯೆಯನ್ನು ಮೀರುತ್ತದೆ.

ಪೂರ್ಣ ವರ್ಗದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಕೊನೆಯ ಅಂಕಿ 2, 3, 7, 8 ಆದರೆ ವರ್ಗ ಅಲ್ಲ’ ಎಂಬ ಸೂತ್ರ ನಿಮಗೆ ಗೊತ್ತಿರುತ್ತದೆ. ಅಂಕಿಗಳ ಮೊತ್ತವನ್ನು ಒಂದೇ ಅಂಕಿಗೆ ಇಳಿಸಿದರೆ ವರ್ಗಕ್ಕೆ 1, 4, 7, 9 ಮಾತ್ರ ಬರುತ್ತದೆ ಎನ್ನುವುದೂ ಸರಿ. ಬೆಸ ವರ್ಗವನ್ನು 8ರಿಂದ ಭಾಗಿಸಿದರೆ 1 ಉಳಿಯುತ್ತದೆ ಎನ್ನುವುದೂ ಸರಿ. 577201 ಈ ಮೂರನ್ನೂ ದಾಟುತ್ತದೆ: ಕೊನೆಯಲ್ಲಿ 1, ಮೊತ್ತ 22ರಿಂದ 4, 8ರಿಂದ ಭಾಗಿಸಿದರೆ ಶೇಷ 1. ಆದರೂ ಅದು ವರ್ಗ ಅಲ್ಲ. ಈ ಪರೀಕ್ಷೆಗಳು ‘ಅಲ್ಲ’ ಎಂದು ಹೇಳಬಲ್ಲವು, ‘ಹೌದು’ ಎಂದು ಹೇಳಲಾರವು. ಪರೀಕ್ಷೆಯ ಹಾಳೆಯಲ್ಲಿ ಇದನ್ನು ಮರೆತು ಅಂಕ ಕಳೆದುಕೊಳ್ಳಬೇಡಿ.

5. 17ರಿಂದ ಮುಂದೆ ಒಂದೊಂದೇ

759ರ ಒಳಗೆ 134 ಅವಿಭಾಜ್ಯಗಳಿವೆ. ಇದನ್ನು ಕೇಳಿಯೇ ಎಷ್ಟೋ ಜನ ಪೆನ್ಸಿಲ್ ಕೆಳಗಿಡುತ್ತಾರೆ. ಇಡಬೇಡಿ. ಒಂದು ಅಪವರ್ತನ ಸಿಕ್ಕಿದ ಕೂಡಲೇ ಮಿತಿ ದಡದಡನೆ ಇಳಿಯುತ್ತದೆ.

ಪೂರ್ತಿ ಭಾಗಾಕಾರ ಮಾಡದೆ ನೋಡಲು ಒಂದು ಉಪಾಯ ಇದೆ. ಕೊನೆಯ ಅಂಕಿಯನ್ನು ತೆಗೆಯಿರಿ. ಅದನ್ನು ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸಿ, ಉಳಿದ ಭಾಗಕ್ಕೆ ಕೂಡಿಸಿ ಅಥವಾ ಕಳೆಯಿರಿ. ಚಿಕ್ಕ ಸಂಖ್ಯೆ ಬರುವ ತನಕ ಹೀಗೇ ಮಾಡಿ.

17ಕ್ಕೆ: 5ರಿಂದ ಗುಣಿಸಿ ಕಳೆಯಿರಿ
19ಕ್ಕೆ: 2ರಿಂದ ಗುಣಿಸಿ ಕೂಡಿಸಿ
23ಕ್ಕೆ: 7ರಿಂದ ಗುಣಿಸಿ ಕೂಡಿಸಿ
29ಕ್ಕೆ: 3ರಿಂದ ಗುಣಿಸಿ ಕೂಡಿಸಿ
31ಕ್ಕೆ: 3ರಿಂದ ಗುಣಿಸಿ ಕಳೆಯಿರಿ
37ಕ್ಕೆ: 11ರಿಂದ ಗುಣಿಸಿ ಕಳೆಯಿರಿ
41ಕ್ಕೆ: 4ರಿಂದ ಗುಣಿಸಿ ಕಳೆಯಿರಿ

ಇದನ್ನು ಸುಮ್ನೆ ಉರು ಹೊಡೆಯುವ ಬದಲು ಯಾಕೆ ಹೀಗೆ ಎಂದು ಒಮ್ಮೆ ನೋಡಿಬಿಡಿ. 17×3 = 51. ‘ಉಳಿದ ಭಾಗದಿಂದ ಕೊನೆಯ ಅಂಕಿಯ ಐದರಷ್ಟು ಕಳೆ’ ಎಂಬುದನ್ನು ಪೂರ್ತಿ 10ರಿಂದ ಗುಣಿಸಿದರೆ, ಮೂಲ ಸಂಖ್ಯೆಯಿಂದ ಕೊನೆಯ ಅಂಕಿಯ 51ರಷ್ಟು ಕಳೆದಂತೆ ಆಗುತ್ತದೆ. 51 ಹೇಗೂ 17ರ ಮಗ್ಗಿಯಲ್ಲಿದೆ. ಹಾಗಾಗಿ 17ರಿಂದ ಭಾಗವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ. 19ಕ್ಕೆ ಇದೇ ಕೆಲಸವನ್ನು 19 ತಾನೇ ಮಾಡುತ್ತದೆ, 23ಕ್ಕೆ 69. ಇಷ್ಟು ಅರ್ಥವಾದರೆ 43, 47ಕ್ಕೆ ಬೇಕಾದ ಉಪಾಯವನ್ನು ನೀವೇ ಕಟ್ಟಿಕೊಳ್ಳಬಹುದು.

ಈಗ 17: 57720 − 5 = 57715. 5771 − 25 = 5746. 574 − 30 = 544. 54 − 20 = 34. ಸಿಕ್ಕಿತು!

ಇಲ್ಲಿ ಒಂದು ಗುಂಡಿ ಇದೆ. ಈ ಉಪಾಯ ‘ಭಾಗವಾಗುತ್ತದೆ’ ಎಂದು ಮಾತ್ರ ಹೇಳುತ್ತದೆ. ಭಾಗಲಬ್ಧವನ್ನಾಗಲಿ ಶೇಷವನ್ನಾಗಲಿ ಹೇಳುವುದಿಲ್ಲ. 34 ಬಂತು, 34÷17 = 2, ಹಾಗಾಗಿ ಉತ್ತರ 2 ಎಂದು ಬರೆಯಬಾರದು. ಈಗ ನಿಜವಾದ ಭಾಗಾಕಾರ ಮಾಡಿ: 577201 ÷ 17 = 33953.

ಇನ್ನು ಮೇಲೆ ಕೆಲಸ 33953ರ ಮೇಲೆ. ಇದರ ಮಿತಿ 184. ಮುಂದಕ್ಕೆ ಹೋಗುವ ಮೊದಲು 17 ಅನ್ನೇ ಇನ್ನೊಮ್ಮೆ ನೋಡಿ, ಒಂದೇ ಅವಿಭಾಜ್ಯ ಎರಡು ಸಲ ಬರಬಹುದು. 3395 − 15 = 3380, 338 − 0 = 338, 33 − 40 = −7. ಇಲ್ಲ. 19ಕ್ಕೆ: 3395 + 6 = 3401, 340 + 2 = 342, 34 + 4 = 38. ಸಿಕ್ಕಿತು. 33953 ÷ 19 = 1787.

1787ಕ್ಕೆ ಮಿತಿ 42 ಮಾತ್ರ. 759 ಎಲ್ಲಿ, ಇದು ಎಲ್ಲಿ! 19 ಅನ್ನು ಇನ್ನೊಮ್ಮೆ ನೋಡಿ (178 + 14 = 192, 19 + 4 = 23, ಇಲ್ಲ). ಆಮೇಲೆ ಉಳಿದಿದ್ದು 23, 29, 31, 37, 41. ಭಾಗಿಸಿದರೆ ಶೇಷ ಕ್ರಮವಾಗಿ 16, 18, 20, 11, 24. ಯಾವುದೂ ಸೊನ್ನೆ ಅಲ್ಲ, ಆದ್ದರಿಂದ 1787 ಅವಿಭಾಜ್ಯ.

577201 = 17 × 19 × 1787

ಕಣ್ಣಿಗೆ ಅವಿಭಾಜ್ಯದಂತೆ ಕಂಡಿತು ಎಂದು ಯಾವ ಸಂಖ್ಯೆಯನ್ನೂ ನಂಬಬೇಡಿ. 91, 119, 133, 221, 323, 391 ಎಲ್ಲವೂ ಹಾಗೇ ಕಾಣುತ್ತವೆ. ಆದರೆ 91 = 7×13, 119 = 7×17, 133 = 7×19, 221 = 13×17, 323 = 17×19, 391 = 17×23.

6. ತಾಳೆ ನೋಡಿ

ಮೂರನ್ನೂ ಗುಣಿಸಿ ನೋಡುವುದೇ ಸರಿಯಾದ ತಾಳೆ. ಬೇಗ ಬೇಕಾದರೆ ಅಂಕಿಗಳ ಮೊತ್ತದಿಂದ ನೋಡಿ: 17ರಿಂದ 8, 19ರಿಂದ 1, 1787ರಿಂದ 5. 8×1×5 = 40, ಅದರಿಂದ 4. ನಮ್ಮ 22 ಕೂಡ 4ಕ್ಕೆ ಇಳಿಯುತ್ತದೆ. ಆದರೆ 1787ರ ಬದಲು 1877 ಎಂದು ಬರೆದುಕೊಂಡಿದ್ದರೂ ಈ ತಾಳೆ ಸರಿ ಎಂದೇ ಹೇಳುತ್ತದೆ. ಅಂಕಿ ಅದಲುಬದಲಾದ ತಪ್ಪು ಇದಕ್ಕೆ ಕಾಣುವುದಿಲ್ಲ.

7. ಅಪವರ್ತನಗಳನ್ನು ಎಣಿಸಿ, ಕೂಡಿಸಿ

ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿಸಿ, ಎಲ್ಲವನ್ನೂ ಗುಣಿಸಿ. ನಮ್ಮ ಮೂರಕ್ಕೂ ಘಾತ 1. ಆದ್ದರಿಂದ 2×2×2 = 8 ಅಪವರ್ತನಗಳು: 1, 17, 19, 323, 1787, 30379, 33953, 577201. ತೀರ್ಥಹಳ್ಳಿಯ 577432 ಆದರೆ 2×2×2×89×811. ಇಲ್ಲಿ 2ರ ಘಾತ 3, ಹಾಗಾಗಿ 4×2×2 = 16. 2 ಅನ್ನು ಮೂರು ಬೇರೆ ಬೇರೆ ಅವಿಭಾಜ್ಯಗಳ ಹಾಗೆ ಎಣಿಸಿದರೆ 32 ಎಂಬ ತಪ್ಪು ಉತ್ತರ ಬರುತ್ತದೆ.

ತೋಟದ ಲೆಕ್ಕದಲ್ಲಿ ಹೇಳುವುದಾದರೆ, 577201 ಅಡಿಕೆ ಸಸಿಗಳನ್ನು ಒಂದೂ ಉಳಿಯದಂತೆ ಸಮನಾದ ಸಾಲುಗಳಲ್ಲಿ ನೆಡಬೇಕಾದರೆ ಸಾಲುಗಳ ಸಂಖ್ಯೆ ಈ ಎಂಟರಲ್ಲಿ ಒಂದೇ ಆಗಿರಬೇಕು. 323 ಸಾಲು ಮಾಡಿ ಸಾಲಿಗೆ 1787 ನೆಡಬಹುದು. 20 ಸಾಲು ಮಾಡಲು ಆಗುವುದೇ ಇಲ್ಲ.

ಅಪವರ್ತನಗಳ ಮೊತ್ತಕ್ಕೆ, ಘಾತ 1 ಇರುವಲ್ಲಿ, ಪ್ರತಿ ಅವಿಭಾಜ್ಯಕ್ಕೆ 1 ಕೂಡಿಸಿ ಗುಣಿಸಿ: 18×20×1788 = 643680. ಘಾತ ಜಾಸ್ತಿ ಇದ್ದರೆ 1ರಿಂದ ಶುರು ಮಾಡಿ, ಆ ಅವಿಭಾಜ್ಯವನ್ನು ಒಂದು ಸಲ, ಎರಡು ಸಲ ಎಂದು ಘಾತದಷ್ಟು ಸಲದ ತನಕ ಗುಣಿಸಿದಾಗ ಬರುವುದನ್ನೆಲ್ಲ ಕೂಡಿಸಬೇಕು, 2ರ ಘಾತ 3 ಆದರೆ 1+2+4+8 = 15. ನಮ್ಮ ಮೊತ್ತ 643680ರಿಂದ ಸಂಖ್ಯೆಯನ್ನೇ ಕಳೆದರೆ 66479. ಅದು ಸಂಖ್ಯೆಗಿಂತ ಎಷ್ಟೋ ಚಿಕ್ಕದು. ಹೀಗೆ ಕಳೆದಾಗ ಸಂಖ್ಯೆಯಷ್ಟೇ ಬಂದರೆ ಅದು ಪರಿಪೂರ್ಣ ಸಂಖ್ಯೆ. 6, 28, 496, 8128 ಅಂಥವು. ನಮ್ಮದು ಅಲ್ಲ.

8. ವರ್ಗಗಳ ಮೊತ್ತವೇ?

ನನಗೆ ಅತ್ಯಂತ ಪ್ರೀತಿಯ ಹಂತ ಇದು. ಬೆಸ ಅವಿಭಾಜ್ಯವನ್ನು 4ರಿಂದ ಭಾಗಿಸಿದರೆ 1 ಅಥವಾ 3 ಉಳಿಯುತ್ತದೆ. 1 ಉಳಿದರೆ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 3 ಉಳಿದರೆ ಎಂದಿಗೂ ಆಗುವುದಿಲ್ಲ. 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಇದನ್ನು ಹೇಳಿದ, 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ನಮ್ಮ ಮಲೆನಾಡಿನ ಈ ಊರುಗಳಿಗೆಲ್ಲ ಸೇರಿದ 577 ಅವಿಭಾಜ್ಯ, 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ನೋಡಿ: 577 = 24×24 + 1×1. ಚೆಂದ ಅಲ್ವಾ?

ಅವಿಭಾಜ್ಯ ಅಲ್ಲದ ಸಂಖ್ಯೆಗೆ ನಿಯಮ ಹೀಗಿದೆ: 3 ಉಳಿಸುವ ಪ್ರತಿ ಅವಿಭಾಜ್ಯದ ಘಾತವೂ ಸಮ ಸಂಖ್ಯೆ ಆಗಿರಬೇಕು. 577201 ಅನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಷ್ಟು ನೋಡಿ ‘ಆಗುತ್ತದೆ’ ಎಂದು ಬರೆಯುವವರೇ ಹೆಚ್ಚು. ಆದರೆ ಒಳಗಿರುವ 19 ಮತ್ತು 1787 ಎರಡೂ 3 ಉಳಿಸುತ್ತವೆ, ಎರಡರ ಘಾತವೂ 1. ಆದ್ದರಿಂದ ಆಗುವುದಿಲ್ಲ. ಬಿಡಿಸಿ ನೋಡದೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಮೂರು ವರ್ಗ ಕೊಟ್ಟರೆ ಆಗುತ್ತದೆ: 758, 51, 6 ಇವುಗಳ ವರ್ಗ 574564, 2601, 36. ಮೊತ್ತ 577201. ಎರಡು ವರ್ಗಗಳ ವ್ಯತ್ಯಾಸವಂತೂ ಸುಲಭ. 323 ಮತ್ತು 1787ರ ಸರಾಸರಿ 1055, ವ್ಯತ್ಯಾಸದ ಅರ್ಧ 732. 1055ರ ವರ್ಗದಿಂದ 732ರ ವರ್ಗ ಕಳೆಯಿರಿ, 577201 ಬರುತ್ತದೆ.

9. ಇನ್ನೂ ದೊಡ್ಡ ಸಂಖ್ಯೆ ಬಂದರೆ

ಮೊದಲು ಅಂಕಿಗಳಲ್ಲಿ ವಿನ್ಯಾಸ ಇದೆಯೇ ನೋಡಿ. ಪಿನ್ ಕೋಡನ್ನು ಎರಡು ಸಲ ಬರೆದರೆ 577201577201, ಹನ್ನೆರಡು ಅಂಕಿ. ಭಯ ಬೀಳಬೇಡಿ. ಅದು 577201 × 1000001. 1000001 = 101 × 9901, ಎರಡೂ ಅವಿಭಾಜ್ಯ. ಒಟ್ಟು ಐದು ಅವಿಭಾಜ್ಯಗಳು, 32 ಅಪವರ್ತನಗಳು.

ಈಗ 12345654321. ಎರಡೂ ಕಡೆಯಿಂದ ಒಂದೇ ಥರ ಓದುವ ಇಂಥ ಹಾರದ ಸಂಖ್ಯೆಗಳನ್ನು ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಗಮನಿಸಿದ್ದರು. ಇದು 111111ರ ವರ್ಗ. 111111 = 3×7×11×13×37. ಹಾಗಾಗಿ ಐದು ಅವಿಭಾಜ್ಯಗಳಿಗೂ ಘಾತ 2, ಅಪವರ್ತನಗಳು 3×3×3×3×3 = 243. ಅಪವರ್ತನಗಳ ಸಂಖ್ಯೆ ಬೆಸ ಬಂದರೆ ಅದು ಪೂರ್ಣ ವರ್ಗವೇ. ಬೇರೆ ಯಾವ ಸಂಖ್ಯೆಗೂ ಬೆಸ ಬರುವುದಿಲ್ಲ.

ವಿನ್ಯಾಸ ಇಲ್ಲದಿದ್ದರೆ ಕಂಪ್ಯೂಟರ್ ಹಿಡಿಯಿರಿ, ಆದರೆ ಎಕ್ಸೆಲ್ ಬೇಡ. ಅದು 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 577201577201577201 ಎಂದು ಟೈಪ್ ಮಾಡಿದರೆ ಕೊನೆಯ 201 ಸದ್ದಿಲ್ಲದೆ 000 ಆಗುತ್ತದೆ, ನೀವು ಬೇರೆಯೇ ಸಂಖ್ಯೆಯ ಗುಣ ಹುಡುಕುತ್ತ ಕೂರುತ್ತೀರಿ. ಪೈಥಾನ್ ಭಾಷೆಯಲ್ಲಿ ಪೂರ್ಣ ಸಂಖ್ಯೆಗೆ ಈ ತೊಂದರೆ ಇಲ್ಲ. ಅಲ್ಲೂ ಭಾಗಿಸುವಾಗ ಒಂದು ಓರೆಗೆರೆ ಬೇಡ, ಎರಡು ಓರೆಗೆರೆ ಹಾಕಿ. ಒಂದೇ ಹಾಕಿದರೆ ಉತ್ತರ ದಶಮಾಂಶಕ್ಕೆ ತಿರುಗಿ ಕೊನೆಯ ಅಂಕಿಗಳು ಹಾಳಾಗಬಹುದು.

‘ಬಹುಶಃ ಅವಿಭಾಜ್ಯ’ ಎಂದು ಹೇಳುವ ಪ್ರೋಗ್ರಾಂಗಳಿವೆ. ಆ ‘ಬಹುಶಃ’ ಗಮನಿಸಿ. ಅವುಗಳ ಮೂಲ ಫರ್ಮಾನ ಪರೀಕ್ಷೆ: n ಅವಿಭಾಜ್ಯವಾದರೆ, 2 ಅನ್ನು n ಸಲ ಇಟ್ಟು ಗುಣಿಸಿ ಅದರಿಂದ 2 ಕಳೆದಾಗ ಬರುವುದು nನಿಂದ ಭಾಗವಾಗಲೇಬೇಕು, 2ರ ಬದಲು ಬೇರೆ ಸಂಖ್ಯೆಯನ್ನೂ ಇಡಬಹುದು. ಅದನ್ನು ವಂಚಿಸುವ ಸಂಖ್ಯೆಗಳಿವೆ. 341 = 11×31 ಆದರೂ 2 ಇಟ್ಟು ಪರೀಕ್ಷಿಸಿದರೆ ಪಾಸಾಗುತ್ತದೆ. 561 = 3×11×17 ಇನ್ನೂ ಜಾಣ, ಯಾವ ಸಂಖ್ಯೆ ಇಟ್ಟರೂ ಪಾಸಾಗುತ್ತದೆ. ಖಚಿತವಾಗಿ, ಸಂಖ್ಯೆ ಬೆಳೆದರೂ ಕೈಮೀರದಷ್ಟು ಸಮಯದಲ್ಲಿ, ಅವಿಭಾಜ್ಯವೇ ಎಂದು ಹೇಳುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಆದರೆ ಅವಿಭಾಜ್ಯ ಅಲ್ಲ ಎಂದು ತಿಳಿಯುವುದು ಬೇರೆ, ಅಪವರ್ತನ ಕೈಗೆ ಸಿಗುವುದು ಬೇರೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿದ 250 ಅಂಕಿಯ ಒಂದು ಸಂಖ್ಯೆಯನ್ನು 2020ರಲ್ಲಿ ಬಿಡಿಸಿದರು. ಅದಕ್ಕೆ ಒಂದೇ ಪ್ರೊಸೆಸರ್ ಕೋರ್ ಬಳಸಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಲೆಕ್ಕ ಬೇಕಾಯಿತು. ಆರ್‌ಎಸ್‌ಎ ಎಂಬ ಗುಪ್ತಲಿಪಿಯ ಭದ್ರತೆ ನಿಂತಿರುವುದು ಈ ಕಷ್ಟದ ಮೇಲೆಯೇ.

ಮನೆಯಲ್ಲಿ ಮಾಡಿ ನೋಡಲು

ಭದ್ರಾವತಿಯ 577301, ಸಾಗರದ 577401, ಚಿಕ್ಕಮಗಳೂರಿನ 577101. ಉತ್ತರ ನೋಡುವ ಮೊದಲು ನೀವೇ ಬಿಡಿಸಿ.

ಭದ್ರಾವತಿಯದು 47×71×173. ಮೊದಲ ಅಪವರ್ತನ 47ರ ತನಕ ಸಿಗುವುದಿಲ್ಲ, ಮಧ್ಯೆ ಕೈಬಿಡಬೇಡಿ. ಸಾಗರದು 3×11×17497. ಇಲ್ಲಿ 3 ಮತ್ತು 11 ಬೇಗ ಸಿಗುತ್ತವೆ. ಕಷ್ಟ ಇರುವುದು 17497 ಅವಿಭಾಜ್ಯ ಎಂದು ಖಚಿತ ಮಾಡಿಕೊಳ್ಳುವುದರಲ್ಲಿ, 131ರ ತನಕ ಹೋಗಬೇಕು. ಚಿಕ್ಕಮಗಳೂರಿನದು 3×7×27481, ಅಲ್ಲಿ 163ರ ತನಕ.

ಚಿಕ್ಕಮಗಳೂರಿನ ಸಂಖ್ಯೆಗೆ ಇನ್ನೊಂದು ಗುಣವಿದೆ. ಅದರ ಅಂಕಿಗಳ ಮೊತ್ತ 21, ಮತ್ತು 21ರಿಂದ ಅದು ಭಾಗವಾಗುತ್ತದೆ. ಇಂಥದ್ದಕ್ಕೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟವರು ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್. ಆದರೆ ಇದನ್ನು ಅವಿಭಾಜ್ಯ ಅಪವರ್ತನಗಳ ಸಾಲಿನಲ್ಲಿ ಇಡಬೇಡಿ. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ ಎಂಬುದರ ಮೇಲೆ ಹರ್ಷದ ಗುಣ ನಿಂತಿದೆ, ಬೇರೆ ಲೆಕ್ಕದಲ್ಲಿ ಬರೆದರೆ ಅದು ಹೋಗಲೂಬಹುದು. 3×7×27481 ಮಾತ್ರ ಹೇಗೆ ಬರೆದರೂ ಹಾಗೇ ಇರುತ್ತದೆ. ಉಳಿದ ನಾಲ್ಕು ಊರುಗಳಲ್ಲಿ ಯಾವುದಾದರೂ ಹರ್ಷದ ಇದೆಯೇ ನೋಡಿ. ಶಿವಮೊಗ್ಗದ್ದನ್ನು ಭಾಗಿಸುವುದೇ ಬೇಡ: ಮೊತ್ತ 22 ಸಮ, ಸಂಖ್ಯೆ ಬೆಸ.